ಅಂಬರ್ ಒಳಗಿನ ಜೇಡಕ್ಕೆ ಹೆಸರಿಡೋ ಮುಂಚೆ

ಅಂಬರ್ ಅಂದ್ರೆ ಬಹಳ ಹಿಂದೆ ಮರ ಸುರಿಸಿ ಕಲ್ಲಿನಂತಾದ ರಾಳ. ಅದರೊಳಗೆ ಸಿಕ್ಕಿರೋ ಜೇಡ ಹೊಸ ಪ್ರಭೇದ ಅನ್ನಿಸಿದ ತಕ್ಷಣ ಹೆಸರು ಹುಡುಕೋಕೆ ಕೂರಬೇಡಿ, ಮೊದಲು ಅದು ಬೆಳೆದ ಗಂಡಾ ಅಂತ ನೋಡಿ. ಬಾಯಿ ಪಕ್ಕ ಪುಟಾಣಿ ಕಾಲಿನ ಥರ ಎರಡು ಅಂಗ ಇರತ್ತಲ್ಲ, ಪೆಡಿಪಾಲ್ಪ್ ಅಂತಾರೆ, ಬೆಳೆದ ಗಂಡಲ್ಲಿ ಅದರ ತುದಿ ಉಬ್ಬಿರತ್ತೆ, ಅಲ್ಲೇ ಕೊಕ್ಕೆ, ಮುಳ್ಳು, ಕೂದಲೆಳೆಯಂಥ ಸೂಜಿ ಎಲ್ಲ ಇರೋದು, ಪ್ರಭೇದ ಬದಲಾದ್ರೆ ಇದರ ಆಕಾರನೂ ಬದಲಾಗತ್ತೆ. ಬರೀ ಉಬ್ಬಿದೆ, ವಿವರ ಏನೂ ಕಾಣ್ತಿಲ್ಲ ಅಂದ್ರೆ ಅದು ಇನ್ನೊಂದು ಸಲ ಪೊರೆ ಬಿಡಬೇಕಿದ್ದ ಮರಿ ಇರಬಹುದು. ಮರಿಗೆ ಹೆಸರಿಟ್ಬಿಟ್ರೆ ನಾಳೆ ಬೆಳೆದ ಗಂಡು ಸಿಕ್ಕಾಗ ಎರಡೂ ಒಂದೇನಾ ಬೇರೆನಾ ಅಂತ ಹೇಳೋದು ತುಂಬಾ ಕಷ್ಟ, ದಯವಿಟ್ಟು ಹಾಗೆ ಮಾಡಬೇಡಿ.

ಕಲ್ಲು ಅಸಲಿನಾ ಅಂತ ನೋಡೋದು ಸುಲಭ. ಮೂಲೆಗೆ ಒಂದು ಹನಿ ಅಸಿಟೋನ್ ಹಾಕಿ, ಅಂಟಂಟಾದ್ರೆ ಅದು ಕೋಪಲ್, ಅಂದ್ರೆ ಇನ್ನೂ ಪೂರ್ತಿ ಗಟ್ಟಿಯಾಗದ ಎಳೇ ರಾಳ. ಎಲ್ಲಿಂದ ಬಂತು ಅನ್ನೋದು ಇದಕ್ಕಿಂತ ಮುಖ್ಯ. ಮ್ಯಾನ್ಮಾರ್‌ನ ಕಾಚಿನ್ ಅಂಬರ್ ಸುಮಾರು 9.9 ಕೋಟಿ ವರ್ಷ ಹಳೇದು, ಅದ್ಭುತ ಜೇಡಗಳು ಸಿಗತ್ತೆ, ಆದ್ರೆ 2017ರಲ್ಲಿ ಗಣಿಗಳು ಸೇನೆ ಕೈಗೆ ಹೋದ ಮೇಲೆ ಬಂದ ಕಲ್ಲನ್ನ ಕೊಳ್ಳೋದು ಸರಿಯಲ್ಲ ಅಂತಾನೇ ನನ್ನ ಅಭಿಪ್ರಾಯ. ಹೊಸಬರು ಯುರೋಪಿನ ಬಾಲ್ಟಿಕ್ ಸಮುದ್ರದ ಕಡೆ ಸಿಗೋ ಬಾಲ್ಟಿಕ್ ಅಂಬರ್‌ನಿಂದ ಶುರು ಮಾಡಿ. ನಮ್ಮ ಗುಜರಾತಿನ ವಸ್ತಾನ್ ಲಿಗ್ನೈಟ್ ಗಣಿಯಲ್ಲೂ ಸುಮಾರು 5 ಕೋಟಿ ವರ್ಷದ ಅಂಬರ್ ಇದೆ, ಪಶ್ಚಿಮ ಘಟ್ಟದ ಧೂಪದ ಮರದ ಕುಟುಂಬದ ಮರಗಳೇ ಸುರಿಸಿದ ರಾಳ ಅದು, ಅದನ್ನ ಓದಿದಾಗಿಂದ ಧೂಪದ ಹೊಗೆ ಮೂಗಿಗೆ ಬಂದ್ರೆ ಆ ಗಣಿನೇ ನೆನಪಾಗತ್ತೆ.

ಉಜ್ಜೋ ಕೆಲಸಕ್ಕೆ ಆತುರ ಬೇಡ. ನೀರು ಹಾಕ್ಕೊಂಡೇ ಉಜ್ಜಿ, ಒಣಗಿದ್ರೆ ಬಿಸಿಯಾಗಿ ಬಿರುಕು ಬಿಡತ್ತೆ. 800 ನಂಬರಿನ ಮರಳು ಕಾಗದದಿಂದ ಶುರು ಮಾಡಿ ನಯವಾದದ್ದಕ್ಕೆ ಹೋಗ್ತಾ, ಹತ್ತು ಸಲ ಉಜ್ಜಿ ಒಂದು ಸಲ ಲೆನ್ಸ್ ಕೆಳಗೆ ನೋಡಿ, ಯಾಕಂದ್ರೆ ಚಾಚಿಕೊಂಡಿರೋ ಮುಂಗಾಲಿನ ತುದಿ ಅಂದುಕೊಂಡಿದ್ದಕ್ಕಿಂತ ಹತ್ರ ಇರತ್ತೆ, ಒಂದು ಸಲ ಹೋದ್ರೆ ಹೋಯ್ತು. ಬಾಲ್ಟಿಕ್ ತುಂಡುಗಳಲ್ಲಿ ಜೇಡದ ಒಂದು ಮಗ್ಗುಲಿಗೆ ಹಾಲಿನ ಕೆನೆ ಥರ ಬಿಳಿ ಪೊರೆ ಇರೋದು ಮಾಮೂಲು, ದೇಹ ಕೊಳೆತಾಗ ಆಗಿದ್ದು, ಅದನ್ನ ತೆಗೆಯೋಕಾಗಲ್ಲ, ಇನ್ನೊಂದು ಮಗ್ಗುಲಿಂದ ಕಿಟಕಿ ಥರ ಚಪ್ಪಟೆ ಮುಖ ಮಾಡ್ಕೊಳ್ಳಿ. ಮೇಲೆ ಒಂದು ಹನಿ ಗ್ಲಿಸರಿನ್, ಅದರ ಮೇಲೆ ಕವರ್‌ಸ್ಲಿಪ್, ಆಗ ಮಸುಕಾಗಿದ್ದ ಕಣ್ಣುಗಳು ಒಂದೊಂದಾಗಿ ಎದ್ದು ಬರೋದನ್ನ ನೋಡಬೇಕು! ಬೇರೆ ಬೇರೆ ಫೋಕಸ್‌ನಲ್ಲಿ ಹತ್ತಾರು ಫೋಟೋ ತೆಗೆದು ಒಂದು ಮಾಡಿ. ಪೆಡಿಪಾಲ್ಪ್ ಕಾಲಿನ ಹಿಂದೆ ಮರೆಯಾಗಿದ್ರೆ ಮೈಕ್ರೋ ಸಿಟಿ ಸ್ಕ್ಯಾನೇ ಗತಿ, ಅಂದ್ರೆ ಎಕ್ಸ್‌-ರೇಯಿಂದ ಒಳಗಿನ ಆಕಾರ ತೋರಿಸೋ ಸ್ಕ್ಯಾನ್.

ಫೋಟೋ ಇದ್ರೂ ಕೈಯಲ್ಲಿ ಚಿತ್ರ ಬಿಡಿಸಿ, ಗೆರೆ ಎಳೆಯೋವಾಗಲೇ ನಾವು ಏನು ನೋಡಿಲ್ಲ ಅಂತ ಗೊತ್ತಾಗೋದು. ಕಣ್ಣು ಎಷ್ಟು, ಹೇಗೆ ಜೋಡಣೆಯಾಗಿವೆ, ಕಾಲಿನ ಏಳೂ ಭಾಗದ ಉದ್ದ, ಮುಳ್ಳುಗಳ ಜಾಗ, ನೂಲು ತೆಗೆಯೋ ಅಂಗ, ಎಲ್ಲ ಮಿಲಿಮೀಟರಲ್ಲಿ. ಕಾಣದ್ದನ್ನ ಕಾಣ್ತಿಲ್ಲ ಅಂತಾನೇ ಬರೀರಿ.

ಇಷ್ಟು ವಿವರವಾಗಿ ಬರೆಯೋದು ಯಾಕೆ ಅಂದ್ರೆ ಈ ಕಥೆ ಕೇಳಿ. 1854ರಲ್ಲಿ ಬಾಲ್ಟಿಕ್ ಅಂಬರ್‌ನಿಂದ ಆರ್ಕಿಯಾ ಪ್ಯಾರಡಾಕ್ಸಾ ಅನ್ನೋ ಜೇಡವನ್ನ ವರ್ಣಿಸಿದ್ರು, ಕತ್ತು ಉದ್ದ, ದವಡೆ ಇನ್ನೂ ಉದ್ದ, 1881ರಲ್ಲಿ ಅದೇ ಗುಂಪಿನದು ಮಡಗಾಸ್ಕರ್‌ನಲ್ಲಿ ಜೀವಂತವಾಗಿ ಸಿಕ್ತು! ಪಳೆಯುಳಿಕೆಯ ವರ್ಣನೆ ಮೊದಲೇ ಇದ್ದಿದ್ದಕ್ಕೆ ಜೀವಂತ ಜೇಡವನ್ನ ಅದರ ಪಕ್ಕ ಇಟ್ಟು ನೋಡೋಕಾಯ್ತು.

ಇನ್ನು ಹೋಲಿಕೆ. ನಿಮ್ಮ ಜೇಡ ಸಿಕ್ಕ ಅಂಬರ್‌ನಿಂದಲೇ, ಅದರದೇ ಕುಲದಲ್ಲಿ (ಹತ್ತಿರದ ಪ್ರಭೇದಗಳ ಗುಂಪು, ಜೀನಸ್) ಹೆಸರಿಟ್ಟಿರೋ ಪ್ರತಿಯೊಂದರ ಮೂಲ ವರ್ಣನೆ ಓದಿ, ನಿಮ್ಮದು ಯಾವುದರಲ್ಲಿ ಬೇರೆ ಅಂತ ಎರಡು ಮೂರು ಸಾಲಲ್ಲಿ ಹೇಳಿ. ಅದನ್ನ ಹೇಳೋಕಾಗಲಿಲ್ಲ ಅಂದ್ರೆ ಹೊಸ ಪ್ರಭೇದ ಅಂತ ಬರೀಬೇಡಿ. ಪ್ರಭೇದದ ಹೆಸರು ವಿಶೇಷಣ ಆಗಿದ್ರೆ ಕುಲದ ಹೆಸರಿನ ಲಿಂಗಕ್ಕೆ ಹೊಂದಬೇಕು, ಆರ್ಕಿಯಾ ಸ್ತ್ರೀಲಿಂಗ, ಅದಕ್ಕೇ ಪ್ಯಾರಡಾಕ್ಸಾ. ಹೋಲೋಟೈಪ್, ಅಂದ್ರೆ ಆ ಹೆಸರಿಗೆ ಆಧಾರವಾಗಿರೋ ಒಂದೇ ಒಂದು ಮಾದರಿ, ಯಾವುದು, ಯಾವ ಸಂಗ್ರಹದಲ್ಲಿದೆ ಅನ್ನೋದನ್ನ ಪ್ರಬಂಧದಲ್ಲೇ ಬರೀಲೇಬೇಕು, ಮನೆ ಡ್ರಾಯರ್‌ನಲ್ಲಿ ಇಟ್ಕೊಳ್ಳದೆ ಸಾರ್ವಜನಿಕ ಮ್ಯೂಸಿಯಂಗೆ ಕೊಟ್ಟು ನಂಬರ್ ತಗೊಳ್ಳಿ. ಆನ್‌ಲೈನ್ ಮಾತ್ರ ಬರೋ ಪತ್ರಿಕೆ ಆದ್ರೆ ಪ್ರಕಟವಾಗೋ ಮುಂಚೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಆಗಿರಬೇಕು. ಕಲ್ಲು ಕಳಿಸೋವರೆಗೂ ಬಿಸಿಲು, ಬಿಸಿ ತಾಗದ ಕತ್ತಲೆ ಡಬ್ಬಿಯಲ್ಲಿಡಿ, ಎಲ್ಲಿಂದ ಬಂತು ಅಂತ ಬರೆದ ಚೀಟಿ ಜೊತೆಗೇ ಇರಲಿ.