ಮಣೂಕ ಶೆಡ್ಡಿನ ಪತ್ತೇದಾರಿ: ನಾನು ಬರೆದ ಬಗೆ

ನನ್ನ ಪತ್ತೇದಾರಿ ಸರಣಿಯ ನಾಯಕಿ ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು. ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಾಳೆ. ಊರವರಿಗೆ ಅವಳು 'ಶೆಡ್ಡಿನ ಅಕ್ಕ'.

ಇಂಗ್ಲಿಷಿನಲ್ಲಿ ಇಂಥ ಕತೆಗಳು ರಾಶಿ ಇವೆ. ಸಣ್ಣ ಊರು, ಕಣ್ಣೆದುರು ರಕ್ತಪಾತ ಇಲ್ಲ. ಬೇಕರಿಯವಳೋ ಬಿಯರ್ ತಯಾರಿಸುವವನೋ ಅಪರಾಧ ಬಯಲು ಮಾಡುತ್ತಾರೆ. ಬಿಯರ್ ತಯಾರಿಸುವ ಪತ್ತೇದಾರ ನನಗೆ ತುಂಬಾ ಹಿಡಿಸಿದ. ಹುಳಿ ಬರುವ ಪೀಪಾಯಿ ನೋಡಿದರೆ ಅವನಿಗೆ ತಿಳಿಯುವುದು ಪೊಲೀಸರಿಗೆ ತಿಳಿಯುವುದಿಲ್ಲ. ಅವನ ಕಸುಬೇ ಅವನ ಬಲ. ನಮ್ಮಲ್ಲಿ ಆ ಜಾಗಕ್ಕೆ ಯಾರು? ವೈನ್ ಮಾಡುವವರನ್ನು ತರಬಹುದಿತ್ತು. ಆದರೆ ನಮ್ಮ ಕಡೆ ಮನೆಮನೆಗೂ ಗೊತ್ತಿರುವುದು ಮಣೂಕ.

ಹಾಗಾಗಿ ಶೆಡ್ಡುಗಳಲ್ಲಿ ಕೂತು ಕೆಲಸ ನೋಡಿದೆ. ದ್ರಾಕ್ಷಿ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುತ್ತಾರೆ. ಕಾಯಿಯ ಮೇಲಿನ ಮೇಣದ ಪದರ ಸಡಿಲವಾಗುತ್ತದೆ, ಒಳಗಿನ ನೀರು ಬೇಗ ಹೊರಬರುತ್ತದೆ. ಆಮೇಲೆ ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡುತ್ತಾರೆ. ಸುಮಾರು 15 ದಿನದಲ್ಲಿ ಒಣಗುತ್ತದೆ, ಹಸಿರು ಬಣ್ಣವೂ ಉಳಿಯುತ್ತದೆ. ಅದ್ದದೆ ಬಿಸಿಲಿಗೆ ಹಾಕಿದರೆ ಜಾಸ್ತಿ ದಿನ ಬೇಕು, ಕಾಯಿ ಕಂದಾಗುತ್ತದೆ. ಹೆಚ್ಚುಕಡಿಮೆ 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಮಣೂಕ.

ಈ ಕೊನೆಯ ಲೆಕ್ಕದಿಂದಲೇ ಮೊದಲ ಕತೆ ಹುಟ್ಟಿತು. ಒಬ್ಬ ವಿಧವೆಯ ಮಾಲು ಶೆಡ್ಡಿನಿಂದ ಕಾಣೆಯಾಗಿದೆ. ಪಕ್ಕದ ತೋಟದವನು ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಮಣೂಕ ಕಳಿಸಿದ್ದಾನೆ. ಅವನ ರಸೀದಿ, ಲಾರಿ, ಸಾಕ್ಷಿ ಎಲ್ಲ ಸರಿಯಾಗಿವೆ. ಪಿಎಸ್‌ಐ ಕೇಳುತ್ತಾರೆ, "ಅಕ್ಕಾರ, ಎಲ್ಲಾ ಬರೋಬ್ಬರಿ ಐತಲ್ರಿ?" ಅಕ್ಕ ಹೇಳುತ್ತಾಳೆ: "ಸಾಹೇಬ್ರ, ಅವ್ರ ತೋಟದಾಗ ಇಳಿದದ್ದು ಎಂಟು ಟನ್ ಕಾಯಿ. ಎರಡು ಟನ್ ಮಣೂಕ ಆಗಬೇಕು. ಮೂರು ಟನ್ ಹೆಂಗ ಹೋತ್ರಿ?"

ಈ ಎರಡು ಸಾಲು ಬರೆದಾಗ ನನಗಾದ ಸಂತೋಷ ಹೇಳತೀರದು. ಸುಳಿವು ಓದುಗರ ಕಣ್ಣೆದುರೇ ಇರಬೇಕು. 4ಕ್ಕೆ 1 ಅನ್ನುವ ಮಾತನ್ನು ಶುರುವಿನಲ್ಲೇ, ಅಕ್ಕ ಕೂಲಿಯವರ ಜೊತೆ ಚಹಾ ಕುಡಿಯುವಾಗ, ಹೇಳಿಸಿಬಿಟ್ಟಿದ್ದೆ. ಅದನ್ನು ಬಚ್ಚಿಟ್ಟು ಕೊನೆಗೆ ತೆಗೆದರೆ ಓದುಗರಿಗೆ ಮೋಸ ಮಾಡಿದಂತೆ, ಅಲ್ವಾ?

ಭಾಷೆಯ ಬಗ್ಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. ನಿರೂಪಣೆ ಬರಹದ ಕನ್ನಡ, ಮಾತೆಲ್ಲ ನಮ್ಮೂರಿನದು.

ಸರಣಿ ಬೆಳೆಸುವುದು ಬೇರೆಯೇ ಕೆಲಸ. ಸಣ್ಣ ಊರಲ್ಲಿ ವರ್ಷಕ್ಕೆ ನಾಲ್ಕು ಕೊಲೆ ಆದರೆ ಯಾರು ನಂಬುತ್ತಾರೆ? ಅದಕ್ಕೇ ಕಳ್ಳತನ, ಖೊಟ್ಟಿ ಸಹಿ, ಮನೆ ಬಿಟ್ಟು ಹೋದ ಹುಡುಗ, ಇಂಥವೇ ನನ್ನ ಕತೆಗಳಲ್ಲಿ ಜಾಸ್ತಿ. ಇನ್ನೊಂದು ಅನುಕೂಲ ಹಂಗಾಮು. ಶೆಡ್ಡಿನ ಕೆಲಸ ಬೇಸಿಗೆಯದು. ಅಕಾಲದಲ್ಲಿ ಒಂದು ಮಳೆ ಬಂದರೂ ಕಾಯಿ ಕಪ್ಪಾಗುತ್ತದೆ. ಹಾಗಾಗಿ ಮೋಡ ಕಂಡರೆ ಸಾಕು, ಕತೆಯಲ್ಲಿ ಎಲ್ಲರ ಎದೆಬಡಿತ ಏರುತ್ತದೆ. ಉಳಿದ ತಿಂಗಳು ಅಕ್ಕನನ್ನು ಬೇರೆ ಊರಿಗೆ ಕಳಿಸಬಹುದು.

ಈಗ ಅವಳು ಅದೇ ಜಿಲ್ಲೆಯ ಇಂಡಿ ಎಂಬ ಊರಿನಲ್ಲಿದ್ದಾಳೆ. ಅಲ್ಲಿನ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ, ಅಂದರೆ ಆ ಸೀಮೆಯ ಮಾಲಿಗೆ ಮಾತ್ರ ಆ ಹೆಸರು ಎನ್ನುವ ಗುರುತು, ಸಿಕ್ಕಿತು. ಯಾರೋ ಹೊರಗಿನ ಲಿಂಬೆ ತಂದು ಇಂಡಿಯದೆಂದು ಮಾರುತ್ತಿದ್ದಾರೆ. ಅಕ್ಕನಿಗೆ ಲಿಂಬೆಯ ಕಸುಬು ಗೊತ್ತಿಲ್ಲ. ತೋಟದ ಮುದುಕನೊಬ್ಬನಿಂದ ಅದನ್ನು ಕಲಿಯುತ್ತಿದ್ದಾಳೆ, ಅವಳ ಜೊತೆ ನಾನೂ.