ಎಂಜಿನ್ ನಡೆಗಳನ್ನು ಉರು ಹೊಡೆದರೆ ಚೆಸ್ ಬರುತ್ತದಾ? ನನ್ನ ಅನುಭವ

ಚೆಸ್ ಎಂಜಿನ್ (ಒಳ್ಳೆಯ ನಡೆ ಹುಡುಕಿಕೊಡುವ ಕಂಪ್ಯೂಟರ್ ಪ್ರೋಗ್ರಾಂ) ತೋರಿಸುವ ನಡೆಗಳನ್ನು ಉರು ಹೊಡೆದರೆ ಆಟ ಸುಧಾರಿಸುತ್ತದಾ ಅಂತ ಹೊಸಬರು ಆಗಾಗ ಕೇಳುತ್ತಾರೆ. ನಾನು ಉರು ಹೊಡೆದಿದ್ದೇನೆ, ಈಗಲೂ ಹೊಡೆಯುತ್ತೇನೆ. ಆದರೆ ಕೆಲವನ್ನು ಮಾತ್ರ.

ಮೊದಲು ಒಂದು ಲೆಕ್ಕ ನೋಡಿ. ಮೊದಲ ನಡೆಗೆ ಬಿಳಿಗೆ 20 ಆಯ್ಕೆ, ಕಪ್ಪಿಗೂ 20. ಅಲ್ಲಿಗೇ 400 ದಾರಿ ಆಯಿತು. ಇಬ್ಬರೂ ಎರಡೆರಡು ನಡೆ ಆಡುವಷ್ಟರಲ್ಲಿ 1,97,281 ದಾರಿ. ಇದರಲ್ಲಿ ಮುಕ್ಕಾಲು ಪಾಲು ಕೆಲಸಕ್ಕೆ ಬಾರದವು, ಸರಿ. ಆದರೆ ಎದುರು ಕೂತವರು ನೀವು ನಡೆ ಬರೆದಿಟ್ಟ ಫೈಲ್ ಓದಿಕೊಂಡು ಬಂದಿರುವುದಿಲ್ಲ ಅಲ್ವಾ? ಎಂಜಿನ್ ನಾಲ್ಕನೇ ಸ್ಥಾನದಲ್ಲಿಟ್ಟ ನಡೆಯನ್ನು ಧೈರ್ಯವಾಗಿ ಆಡುತ್ತಾರೆ. ಅಲ್ಲಿಂದ ಮುಂದೆ ನೆನಪು ಕೈ ಕೊಡುತ್ತದೆ, ಸ್ವಂತ ತಲೆ ಓಡಿಸಬೇಕು.

ನಾನು ಬಿಳಿಯಲ್ಲಿ ಜಾಸ್ತಿ ಆಡುವ ಟು ನೈಟ್ಸ್ ಓಪನಿಂಗನ್ನೇ (ಆಟದ ಶುರುವಿನ ನಡೆಗಳ ಒಂದು ಕ್ರಮ) ತೆಗೆದುಕೊಳ್ಳೋಣ. ಬೋರ್ಡ್ ಇದ್ದರೆ ಜೋಡಿಸಿಕೊಳ್ಳಿ. ಅಕ್ಷರ ಅಂದರೆ ಬಿಳಿಯ ಎಡದಿಂದ ಎಣಿಸಿದ ಕಂಬಸಾಲು, ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು. ಕಾಲಾಳು ಇ4, ಕಾಲಾಳು ಇ5. ಕುದುರೆ ಎಫ್3, ಕುದುರೆ ಸಿ6. ಒಂಟೆ ಸಿ4, ಕುದುರೆ ಎಫ್6. ಈಗ ಬಿಳಿ ಕುದುರೆ ಜಿ5ಕ್ಕೆ ಹಾರಿ ಎಫ್7 ಮೇಲೆ ಕಣ್ಣು ಹಾಕುತ್ತದೆ. ಕಪ್ಪು ಡಿ5 ಆಡುತ್ತದೆ, ಬಿಳಿ ಕಾಲಾಳು ಅದನ್ನು ತಿನ್ನುತ್ತದೆ, ಕಪ್ಪು ಕುದುರೆ ಎ5ಕ್ಕೆ. ಒಂಟೆ ಬಿ5ರಲ್ಲಿ ಚೆಕ್, ಕಪ್ಪು ಸಿ6. ಅಲ್ಲಿ ಕಾಲಾಳುಗಳು ಒಂದನ್ನೊಂದು ತಿಂದ ಮೇಲೆ ಬಿಳಿಗೆ ಒಂದು ಕಾಲಾಳು ಲಾಭ, ಆದರೆ ಬಿ5ರ ಒಂಟೆ ಓಡಬೇಕು. ಹಳೆಯ ದಾರಿ ಇ2. ಎಂಜಿನ್‌ಗೆ ಇಷ್ಟವಾಗುವುದು ಡಿ3. ಮೊದಲ ಸಲ ನೋಡಿದವರಿಗೆ ನಗು ಬರುತ್ತದೆ. ಡಿ2 ಕಾಲಾಳಿನ ಮೂಗಿನ ಮುಂದೇ ಒಂಟೆ ನಿಂತಿದೆ, ಹಿಂದೆ ಇನ್ನೊಂದು ಒಂಟೆ ಮನೆ ಬಿಟ್ಟು ಹೊರಬರುವ ಹಾಗಿಲ್ಲ.

ಡಿ3 ಅಂತ ಉರು ಹೊಡೆಯಲು ಎರಡು ಸೆಕೆಂಡ್ ಸಾಕು. ಕಾರಣ ತಿಳಿಯಲು ನಾನು ಒಂದು ಸಂಜೆ ಪೂರ್ತಿ ಕೂತೆ. ಕಪ್ಪು ಎಚ್6 ಆಡಿ ಜಿ5ರ ಕುದುರೆಯನ್ನು ಓಡಿಸಲು ಬಂದರೆ ಅದು ಇ4ಕ್ಕೆ ಬರಬೇಕು. ಅಲ್ಲಿ ಅದನ್ನು ಕಾಯುವುದಕ್ಕೇ ಡಿ3ರ ಒಂಟೆ ಇರುವುದು. ಕುದುರೆಯನ್ನು ತಿಂದರೆ ಒಂಟೆ ತಿರುಗಿ ತಿನ್ನುತ್ತದೆ. ಈ ಕಾರಣ ಗೊತ್ತಿಲ್ಲದವರು ಅಭ್ಯಾಸಬಲದಿಂದ ಕುದುರೆಯನ್ನು ಎಫ್3ಕ್ಕೆ ಎಳೆಯುತ್ತಾರೆ. ಆಗ ಕಪ್ಪು ಕಾಲಾಳು ಇ4ಕ್ಕೆ ಬಂದು ಒಂಟೆ, ಕುದುರೆ ಎರಡನ್ನೂ ಒಟ್ಟಿಗೆ ಹೆದರಿಸುತ್ತದೆ. ರಾಣಿಯನ್ನು ಇ2ಕ್ಕೆ ತಂದು ಒದ್ದಾಡುವುದು ಶುರು.

ಇನ್ನೂ ಮಜಾ ಇದೆ. ಕಪ್ಪು ಎಚ್6 ಬದಲು ಎಫ್6ರ ಕುದುರೆಯನ್ನು ಡಿ5ಕ್ಕೆ ತಂದರೆ, ಹಿಂದಿನಿಂದ ಕಪ್ಪು ರಾಣಿ ಜಿ5ರ ಮೇಲೆ ಬೀಳುತ್ತದೆ. ಈಗ ಬಿಳಿ ಕುದುರೆ ಎಫ್3ಕ್ಕೆ ಹೋಗುವುದೇ ಸರಿ. ಕಾಲಾಳು ಇ4ಕ್ಕೆ ಬಂದರೂ ಒಂಟೆ ಅದನ್ನು ಸುಮ್ನೆ ತಿಂದುಬಿಡುತ್ತದೆ, ಏಕೆಂದರೆ ಅದನ್ನು ಕಾಯುತ್ತಿದ್ದ ಕುದುರೆ ಎಫ್6 ಬಿಟ್ಟಾಗಿದೆ. ಒಂದೇ ಕುದುರೆ, ಒಂದೇ ಒಂಟೆ, ಆದರೆ ಎದುರಿನ ನಡೆ ಬದಲಾದ ತಕ್ಷಣ ಉತ್ತರವೂ ಬದಲು. ಇದನ್ನು ಪಟ್ಟಿಯಾಗಿ ನೆನಪಿಟ್ಟರೆ ಗಡಿಬಿಡಿಯಲ್ಲಿ ಅದಲುಬದಲಾಗುತ್ತದೆ. ಇ4 ಮನೆಯ ಕಥೆ ಅಂತ ನೆನಪಿಟ್ಟರೆ ಅದಲುಬದಲಾಗುವುದಿಲ್ಲ.

ಹಾಗಂತ ಉರು ಹೊಡೆಯುವುದೇ ದಂಡ ಅಂತಲ್ಲ. ಇದೇ ಓಪನಿಂಗ್‌ನಲ್ಲಿ ಕಪ್ಪು ಎ5ಕ್ಕೆ ಹೋಗದೆ ಕುದುರೆಯಿಂದ ಡಿ5ರಲ್ಲಿ ತಿಂದರೆ, ಬಿಳಿ ಎಫ್7ರಲ್ಲಿ ಕುದುರೆಯನ್ನು ಬಲಿ ಕೊಡಬಹುದು. ರಾಜ ಅದನ್ನು ತಿನ್ನುತ್ತಾನೆ, ರಾಣಿ ಎಫ್3ರಿಂದ ಚೆಕ್. ಡಿ5ರ ಕುದುರೆ ಉಳಿಯಬೇಕಾದರೆ ಪಾಪ ರಾಜನೇ ಇ6ಕ್ಕೆ, ಬೋರ್ಡಿನ ನಡುವಿಗೆ ಬರಬೇಕು. ಇಂಥ ಕಡೆ ಗಡಿಯಾರ ಓಡುತ್ತಿರುವಾಗ ಎಲ್ಲವನ್ನೂ ಯೋಚಿಸಿ ಕಂಡುಹಿಡಿಯುತ್ತೇನೆ ಅನ್ನುವುದು ಜಂಬ. ಬಾಯಿಪಾಠವೇ ಸರಿ.

ನೆನಪಿನ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಕೆಲವೇ ಸೆಕೆಂಡ್ ಬೋರ್ಡ್ ತೋರಿಸಿ, ಮತ್ತೆ ಜೋಡಿಸಲು ಹೇಳಿದರು. ನಿಜವಾದ ಆಟದ ಸ್ಥಿತಿಯಾದರೆ ಮಾಸ್ಟರ್‌ಗೆ ಬಹಳಷ್ಟು ನೆನಪಿರುತ್ತಿತ್ತು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟಾಗ ಆ ಮೇಲುಗೈ ಹೆಚ್ಚುಕಡಿಮೆ ಮಾಯ. ಅಂದರೆ ಅವರಿಗೆ ನೆನಪಿರುತ್ತಿದ್ದದ್ದು ಕಾಯಿಗಳ ನಡುವಿನ ಸಂಬಂಧ. ಎಂಜಿನ್ ನಡೆಗಳನ್ನು ಅರ್ಥವಿಲ್ಲದೆ ತುಂಬಿಕೊಂಡರೆ ಅವೂ ಅಡ್ಡಾದಿಡ್ಡಿ ಇಟ್ಟ ಕಾಯಿಗಳೇ.

ನಾನು ಮಾಡುವುದು ಹೀಗೆ. ಆಟ ಮುಗಿದ ಮೇಲೆ ಸ್ಟಾಕ್‌ಫಿಶ್ ಎಂಜಿನ್ ಆನ್ ಮಾಡುವ ಮೊದಲು, ಎಲ್ಲಿ ತಡವರಿಸಿದೆನೋ ಅಲ್ಲಿ ಏನು ಯೋಚಿಸಿದ್ದೆ ಅಂತ ಬರೆದುಕೊಳ್ಳುತ್ತೇನೆ. ಆಮೇಲೆ ಎಂಜಿನ್ ಹಚ್ಚಿ ಮೂರು ದಾರಿಗಳನ್ನು ಒಟ್ಟಿಗೆ ತೋರಿಸಲು ಹೇಳುತ್ತೇನೆ. ಮೊದಲನೆಯದಕ್ಕೆ 0.4 ಅಂಕ (ಒಂದು ಕಾಲಾಳಿನ ಮೇಲುಗೈ ಅಂದರೆ ಸುಮಾರು 1), ಮೂರನೆಯದಕ್ಕೆ 0.2 ಅಂತಿದ್ದರೆ ನನ್ನ ಮಟ್ಟಕ್ಕೆ ಮೂರೂ ಒಂದೇ. ಕೈಗೆ ಒಗ್ಗುವುದನ್ನು ಆರಿಸಿಕೊಳ್ಳುತ್ತೇನೆ. ಅಂತರ ದೊಡ್ಡದಿದ್ದರೆ ಎಂಜಿನ್ ನಡೆಯನ್ನು ನೋಡುವುದಿಲ್ಲ, ನನ್ನ ನಡೆಯನ್ನೇ ಬೋರ್ಡ್ ಮೇಲೆ ಆಡಿ ಎಂಜಿನ್ ಅದನ್ನು ಹೇಗೆ ಹೊಡೆಯುತ್ತದೆ ನೋಡುತ್ತೇನೆ. ಹೊಡೆತ ತಿಂದ ಮೇಲೆ ಕಾರಣ ತಾನಾಗೇ ತಲೆಗೆ ಹತ್ತುತ್ತದೆ. ಫೈಲ್‌ನಲ್ಲಿ ನಡೆಯ ಪಕ್ಕ ಒಂದು ಸಾಲು ಬರೆಯುತ್ತೇನೆ. ಆ ಸಾಲು ಬರೆಯಲು ಬರದಿದ್ದರೆ ಆ ನಡೆ ನನ್ನ ಫೈಲ್‌ಗೆ ಬರುವುದಿಲ್ಲ, ಎಂಜಿನ್ ಎಷ್ಟೇ ಹೊಗಳಲಿ.

ಎಂಡ್‌ಗೇಮ್ (ಕೆಲವೇ ಕಾಯಿ ಉಳಿದ ಕೊನೆಯ ಹಂತ) ಮಾತ್ರ ಬೇರೆ. ಅಲ್ಲಿ ಜಾಸ್ತಿ ಬಾಯಿಪಾಠ ಮಾಡುತ್ತೇನೆ, ಅದೂ ಎಂಜಿನ್‌ನಿಂದಲ್ಲ. ಆನೆ ಮತ್ತು ಕಾಲಾಳಿನ ಎದುರು ಬರೀ ಆನೆ ಇಟ್ಟುಕೊಂಡು ಡ್ರಾ ಮಾಡುವ ಫಿಲಿಡೋರ್ ವಿಧಾನವನ್ನೇ ನೋಡಿ. ಕಾಯುವವನ ರಾಜ ಕಾಲಾಳಿನ ಎದುರು ಇರಬೇಕು. ಅವನ ಆನೆ ತನ್ನ ಕಡೆಯಿಂದ ಮೂರನೇ ಸಾಲಿನಲ್ಲಿ ನಿಂತು ಎದುರಾಳಿ ರಾಜನನ್ನು ತಡೆಯಬೇಕು. ಕಾಲಾಳು ಆ ಸಾಲಿಗೆ ಬಂದ ಕೂಡಲೇ ಆನೆ ದೂರದ ತುದಿಗೆ ಓಡಿ ಹಿಂದಿನಿಂದ ಚೆಕ್ ಕೊಡುತ್ತಾ ಇರಬೇಕು, ಅಷ್ಟೇ. ಇದೇ ಸ್ಥಿತಿಯನ್ನು ಎಂಜಿನ್‌ಗೆ ಕೊಟ್ಟರೆ ಹಲವು ನಡೆಗಳ ಪಕ್ಕ 0.00 ಅಂತ ಬರೆಯುತ್ತದೆ. ಅದರ ಪ್ರಕಾರ ಎಲ್ಲವೂ ಡ್ರಾ. ಅವುಗಳಲ್ಲಿ ಯಾವುದು ಸುಲಭ, ಯಾವುದನ್ನು ಆಡಿದರೆ ಮುಂದೆ ಕತ್ತಿಯ ಅಲುಗಿನ ಮೇಲೆ ನಡೆಯಬೇಕಾಗುತ್ತದೆ ಅನ್ನುವುದನ್ನು ಆ ಸೊನ್ನೆಗಳು ಹೇಳುವುದಿಲ್ಲ.