ಶಿಯಾನ್‌ಗೆ ಹೋದರೆ ಮೊದಲ ಸಂಜೆಯೇ ತಿನ್ನೋಕೆ ಹೊರಡಿ

ಚೀನಾದ ಶಿಯಾನ್‌ಗೆ ಹೋಗುವವರು ಹೆಚ್ಚಾಗಿ ಹಳೆಯ ಚಕ್ರವರ್ತಿಯ ಸಮಾಧಿ ಕಾಯೋಕೆ ಅಂತ ಹೂತಿಟ್ಟ ಮಣ್ಣಿನ ಸೈನಿಕರನ್ನು ನೋಡೋಕೆ ಹೋಗುತ್ತಾರೆ. ನಾವೂ ಅದಕ್ಕೇ ಹೊರಟದ್ದು. ಆದರೆ ಟಿಕೆಟ್ ಮಾಡಿಸುವಾಗಲೇ ನಾನು ಒಂದು ಹಟ ಹಿಡಿದಿದ್ದೆ. ಊರು ಮುಟ್ಟಿದ ಸಂಜೆಯೇ ಅಲ್ಲಿಯವರೇ ಆದ ಗೈಡ್ ಜೊತೆ ಓಣಿ ಓಣಿ ಸುತ್ತಿ ತಿನ್ನಬೇಕು, ಸೈನಿಕರು ಆಮೇಲೆ. ಎರಡು ಸಾವಿರ ವರ್ಷಕ್ಕೂ ಜಾಸ್ತಿ ಮಣ್ಣಿನಡಿ ಇದ್ದವರು, ಇನ್ನೊಂದು ದಿನ ಕಾಯೋದಿಲ್ವಾ?

ಇಂಥ ಫುಡ್ ಟೂರನ್ನು ಜನ ಸಾಮಾನ್ಯವಾಗಿ ಪ್ರವಾಸದ ಕೊನೆಗೆ ಇಟ್ಟುಕೊಳ್ಳುತ್ತಾರೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ. ಇತಿಹಾಸ ಹೇಳೋಕೆ ಪುಸ್ತಕ ಇದೆ, ಫೋನ್ ಇದೆ. ಗೈಡ್‌ಗೆ ಕೊಡುವ ದುಡ್ಡು ಸಾರ್ಥಕವಾಗುವುದು ಅಂಗಡಿಯಲ್ಲಿ ಏನು ಕೇಳಬೇಕು, ಹೇಗೆ ಕೇಳಬೇಕು, ಬಂದದ್ದನ್ನು ಹೇಗೆ ತಿನ್ನಬೇಕು ಅಂತ ಕಲಿಸಿದಾಗ. ಅದನ್ನು ಮೊದಲ ದಿನವೇ ಕಲಿತರೆ ಉಳಿದ ದಿನಗಳಿಗೆಲ್ಲ ಆಗುತ್ತದೆ.

ನಮ್ಮದು ಬೇರೆ ಒಂದು ಸಮಸ್ಯೆಯೂ ಇತ್ತು. ನಾನು ಕುಂದಾಪುರದ ಕಡೆಯವಳು, ನನಗೆ ಎಲ್ಲ ನಡೆಯುತ್ತದೆ. ಗಂಡ ಪಕ್ಕಾ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಹಾಗಾಗಿ ಬುಕ್ ಮಾಡುವ ಮುಂಚೆ ಒಂದಿಷ್ಟು ಟೂರ್‌ನವರಿಗೆ ಮೆಸೇಜ್ ಹಾಕಿದೆ. ಗುಂಪಿನಲ್ಲಿ ಎಷ್ಟು ಜನ? ದೊಡ್ಡ ಬೀದಿಯಲ್ಲೇ ಸುತ್ತಿಸುತ್ತೀರಾ, ಹಿಂದಿನ ಓಣಿಗಳಿಗೂ ಹೋಗುತ್ತೀರಾ? ಸಸ್ಯಾಹಾರಿಗೆ ಪ್ರತಿ ಅಂಗಡಿಯಲ್ಲೂ ಬೇರೆ ತಿಂಡಿ ಇದೆಯಾ, ಇಲ್ಲಾ ಸುಮ್ನೆ ನಿಂತು ನೋಡಬೇಕಾ? ‘ಮಾಂಸದ ತುಂಡು ಎತ್ತಿಟ್ಟು ತಿನ್ನಬಹುದು’ ಅಂತ ಒಬ್ಬರು ಉತ್ತರ ಕೊಟ್ಟರು. ಅವರನ್ನು ಅಲ್ಲಿಗೇ ಬಿಟ್ಟೆ. ಪ್ರತಿ ಅಂಗಡಿಗೂ ಬದಲಿ ತಿಂಡಿಯ ಪಟ್ಟಿ ಕಳಿಸಿದವರನ್ನು ಒಪ್ಪಿಕೊಂಡೆ.

ಬೆಂಗಳೂರಲ್ಲೇ ಮುಗಿಸಿಕೊಳ್ಳಬೇಕಾದ ಕೆಲಸ ಇನ್ನೊಂದಿದೆ. ಅಲ್ಲಿ ಬೀದಿ ಬದಿಯ ಅಂಗಡಿಯವನೂ ಕ್ಯೂಆರ್ ಕೋಡ್ ಮುಂದಿಡುತ್ತಾನೆ, ಆದರೆ ನಮ್ಮ ಯುಪಿಐ ನಡೆಯಲ್ಲ. ಅಲ್ಲಿಯವರು ದುಡ್ಡು ಕಟ್ಟುವ ಆ್ಯಪ್‌ಗಳಾದ ಅಲಿಪೇ, ವೀಚಾಟ್ ಎರಡಕ್ಕೂ ಈಗ ವಿದೇಶಿ ಕಾರ್ಡ್ ಜೋಡಿಸಬಹುದು. ಪಾಸ್‌ಪೋರ್ಟ್ ಪರಿಶೀಲನೆ, ಬ್ಯಾಂಕಿನ ಒಟಿಪಿ ಎಲ್ಲ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಗೂಗಲ್ ಮ್ಯಾಪ್ ನಂಬಿ ಹೋಗಬೇಡಿ.

ಸಂಜೆ ನಗಾರಿ ಗೋಪುರದ ಕೆಳಗೆ ಸೇರಿದೆವು. 1380ರಲ್ಲಿ, ಮಿಂಗ್ ಅರಸರ ಕಾಲದಲ್ಲಿ ಕಟ್ಟಿದ್ದು. ಸ್ವಲ್ಪ ದೂರದಲ್ಲೇ ಗಂಟೆ ಗೋಪುರ, 1384ರದ್ದು. ನಗಾರಿ ಗೋಪುರದ ಕಮಾನು ದಾಟಿದರೆ ಬೇಯುವಾನ್‌ಮೆನ್ ಬೀದಿ, ಅಲ್ಲಿಂದ ಹುಯಿ ಅನ್ನುವ ಚೀನೀ ಮುಸ್ಲಿಮರ ಕೇರಿ ಶುರು. ಶಿಯಾನ್ ಅಂದರೆ ಹಳೆಯ ಚಾಂಗಾನ್, ತಾಂಗ್ ಅರಸರ ರಾಜಧಾನಿ, ರೇಷ್ಮೆ ದಾರಿಯ ಪೂರ್ವದ ತುದಿ. ಆ ದಾರಿಯಲ್ಲಿ ಪಶ್ಚಿಮದಿಂದ ಬಂದ ವ್ಯಾಪಾರಿಗಳಲ್ಲಿ ಎಷ್ಟೋ ಜನ ಇಲ್ಲೇ ನೆಲೆ ನಿಂತರು. ನಮ್ಮ ಗೈಡ್ ಇದೇ ಕೇರಿಯಲ್ಲಿ ಬೆಳೆದ ಹುಡುಗಿ.

ಬೇಯುವಾನ್‌ಮೆನ್‌ನಲ್ಲಿ ಅವಳು ನಮ್ಮನ್ನು ನಿಲ್ಲೋಕೇ ಬಿಡಲಿಲ್ಲ. ಬಣ್ಣಬಣ್ಣದ ದೀಪ, ಕೂಗಾಟ, ಕಡ್ಡಿಗೆ ಚುಚ್ಚಿದ ಸ್ಕ್ವಿಡ್. ಸಮುದ್ರದ ಗಾಳಿಯೂ ಬೀಸದ ಊರಲ್ಲಿ ಸ್ಕ್ವಿಡ್ ತಿನ್ನೋಕೆ ಕುಂದಾಪುರದಿಂದ ಬರಬೇಕಿತ್ತಾ? ಫೋಟೋಗೆ ಬೀದಿ ಚೆನ್ನಾಗಿದೆ, ಅಷ್ಟೇ. ಪಕ್ಕದ ದಾಪಿಯುವಾನ್ ಕಡೆ ತಿರುಗಿದ ಕೂಡಲೇ ಗದ್ದಲ ಅರ್ಧ ಆಯಿತು. ಅಲ್ಲಿ ಅಂಗಡಿಗಳ ಮುಂದೆ ಕೂತಿದ್ದವರು ಊರಿನವರೇ.

ಚೀನಾ ಅಂದರೆ ಅನ್ನ ಅಂದುಕೊಂಡವರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ಇದು ಗೋಧಿಯ ನಾಡು. ರೊಟ್ಟಿ, ನೂಡಲ್ಸ್, ಮತ್ತೆ ರೊಟ್ಟಿ. ನಾವು ಮೊದಲು ಕೂತದ್ದು ಯಾಂಗ್ರೊ ಪಾವೊಮೊ ಅಂಗಡಿಯಲ್ಲಿ. ಕುರಿ ಮಾಂಸದ ಸಾರಿನಲ್ಲಿ ರೊಟ್ಟಿ ಚೂರು, ಇಷ್ಟೇ ವಿಷಯ. ಆದರೆ ಅಡುಗೆಯ ಅರ್ಧ ಭಾಗ ತಿನ್ನುವವನದೇ. ಮೇಜಿಗೆ ಬರುವುದು ಖಾಲಿ ಬಟ್ಟಲು, ಜೊತೆಗೆ ಅಂಗೈ ಅಗಲದ ಗಟ್ಟಿ ರೊಟ್ಟಿಗಳು. ಅದನ್ನು ನೀವೇ ಚೂರು ಮಾಡಬೇಕು, ಸೋಯಾ ಕಾಳಿನಷ್ಟು ಸಣ್ಣಗೆ.

ರೊಟ್ಟಿ ಪೂರ್ತಿ ಹುದುಗು ಬಂದದ್ದಲ್ಲ, ಪೂರ್ತಿ ಬೆಂದದ್ದೂ ಅಲ್ಲ. ಎರಡಾಗಿ ಮುರಿದು, ಪದರ ಬಿಡಿಸಿ, ಹೆಬ್ಬೆರಳು ತೋರುಬೆರಳಲ್ಲಿ ಚಿವುಟುತ್ತಾ ಹೋಗಬೇಕು. ಸ್ವಲ್ಪ ಹೊತ್ತಿಗೇ ಬೆರಳ ತುದಿ ಉರಿಯೋಕೆ ಶುರು. ನನ್ನ ಚೂರುಗಳನ್ನು ನೋಡಿ ಗೈಡ್ ತಲೆ ಆಡಿಸಿದಳು. ದಪ್ಪ ಚೂರಿನೊಳಗೆ ಸಾರು ಇಳಿಯಲ್ಲ, ನಡುವೆ ಹಸಿಯಾಗೇ ಉಳಿಯುತ್ತದಂತೆ. ಪಕ್ಕದ ಮೇಜಿನಲ್ಲಿ ಮೂವರು ಮುದುಕರು ಹರಟುತ್ತಾ ಚಿವುಟುತ್ತಿದ್ದರು, ಯಾರಿಗೂ ಅವಸರವಿಲ್ಲ. ಯಂತ್ರದಲ್ಲಿ ಕತ್ತರಿಸಿ ಕೊಡುವ ಅಂಗಡಿಗಳೂ ಇವೆ. ಅವಕ್ಕೆ ಈ ಮುದುಕರು ಹೋಗಲಾರರು ಅಂತ ಅವರ ಕೈ ನೋಡಿದರೇ ಗೊತ್ತಾಗುತ್ತಿತ್ತು.

ಚೂರು ಮಾಡಿದ ಬಟ್ಟಲಿಗೆ ನಂಬರ್ ಬಿಲ್ಲೆ ಇಟ್ಟು ಒಳಗೆ ಒಯ್ಯುತ್ತಾರೆ. ನೀವು ಚಿವುಟಿದ್ದೇ ನಿಮಗೆ ವಾಪಸ್ ಬರಬೇಕಲ್ಲ. ಬಾಣಸಿಗ ಚೂರಿನ ಗಾತ್ರ ನೋಡಿ ಸಾರು ಎಷ್ಟು, ಉರಿ ಎಷ್ಟು ಅಂತ ತೀರ್ಮಾನಿಸುತ್ತಾನೆ. ಬಾಣಲೆಯಲ್ಲಿ ಸಾರು, ಮಾಂಸ, ಗಾಜಿನಂಥ ತೆಳು ಶ್ಯಾವಿಗೆ, ಕಪ್ಪು ಅಣಬೆ ಎಲ್ಲ ಸೇರಿ ಒಂದು ಕುದಿ ಬಂದು ಹೊರಗೆ ಬರುತ್ತದೆ. ಜೊತೆಗೆ ಖಾರದ ಚಟ್ನಿ, ಸಕ್ಕರೆಯಲ್ಲಿ ನೆನೆಸಿದ ಇಡೀ ಬೆಳ್ಳುಳ್ಳಿ. ಕಲಸಬಾರದು. ಅಂಚಿನಿಂದ ಸ್ವಲ್ಪ ಸ್ವಲ್ಪವೇ ತೆಗೆದು ತಿನ್ನಬೇಕು, ಆಗ ಬಿಸಿ ಕೊನೆತನಕ ಉಳಿಯುತ್ತದೆ. ಬೆಳ್ಳುಳ್ಳಿಯ ಒಂದೊಂದು ಎಸಳು ನಡುನಡುವೆ ಕಚ್ಚಿದರೆ ಕೊಬ್ಬಿನ ಜಿಡ್ಡು ಹೋಗುತ್ತದೆ. ನಮ್ಮ ಮೇಜಿನಲ್ಲಿ ಅತಿ ಸಣ್ಣಗೆ ಚಿವುಟಿದ್ದು ನನ್ನ ಗಂಡ. ತಿಂದದ್ದು ನಾನು.

ಅವರ ಸರದಿ ಬಂದದ್ದು ಮುಂದಿನ ಅಂಗಡಿಯಲ್ಲಿ. ಲಿಯಾಂಗ್‌ಪಿ ಅಂತ ತಣ್ಣನೆಯ ನೂಡಲ್ಸ್. ಇದನ್ನು ಮಾಡುವ ರೀತಿ ನೋಡಿ ನಾನು ಅಲ್ಲೇ ನಿಂತುಬಿಟ್ಟೆ. ಗೋಧಿ ಹಿಟ್ಟು ಕಲಸಿ, ಮುದ್ದೆಯನ್ನು ನೀರಲ್ಲಿ ಬಟ್ಟೆ ಒಗೆದ ಹಾಗೆ ಹಿಸುಕಿ ಹಿಸುಕಿ ತೊಳೆಯುತ್ತಾರೆ. ಹಾಲ್ಬಾಯಿಗೆ ನಾವು ತೆಗೆಯುವ ಗೋಧಿ ಹಾಲು ಇದೆಯಲ್ಲ, ಅದೇ ಇಲ್ಲೂ ಬಿಡುತ್ತದೆ. ಹಾಲು ತಳ ಕೂತ ಮೇಲೆ ಮೇಲಿನ ತಿಳಿ ಚೆಲ್ಲಿ, ಉಳಿದದ್ದನ್ನು ತಗಡಿನ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸುತ್ತಾರೆ. ಆರಿದ ಮೇಲೆ ಎಣ್ಣೆ ಸವರಿ, ಪಟ್ಟಿ ಪಟ್ಟಿಯಾಗಿ ಕತ್ತರಿಸುತ್ತಾರೆ. ತೊಳೆದು ಉಳಿದ ಅಂಟು ಮುದ್ದೆಯನ್ನೂ ಬಿಸಾಡಲ್ಲ. ಅದನ್ನು ಬೇರೆ ಬೇಯಿಸಿದರೆ ಸ್ಪಂಜಿನಂಥ ತುಂಡು ಆಗುತ್ತದೆ, ಖಾರದ ಎಣ್ಣೆಯನ್ನೆಲ್ಲ ಹೀರಿಕೊಳ್ಳುವುದು ಅದೇ. ಸೌತೆಕಾಯಿ, ಮೊಳಕೆ, ವಿನೆಗರ್, ಬೆಳ್ಳುಳ್ಳಿ ನೀರು, ಮೇಲೆ ಕೆಂಪು ಎಣ್ಣೆ. ಗಂಡ ಎರಡನೇ ತಟ್ಟೆ ಹೇಳಿದರು. ಜೊತೆಗೆ ಬಿಂಗ್‌ಫೆಂಗ್ ಅನ್ನುವ ಕಿತ್ತಳೆ ಸೋಡಾ. ಈ ಊರಿನವರಿಗೆ ಲಿಯಾಂಗ್‌ಪಿ, ಮಾಂಸ ತುಂಬಿದ ರೊಟ್ಟಿ, ಬಿಂಗ್‌ಫೆಂಗ್ ಮೂರೂ ಸೇರಿದರೇ ಒಂದು ಊಟ.

ನೂಡಲ್ಸ್ ಅಂಗಡಿಯಲ್ಲಿ ಸೊಂಟಪಟ್ಟಿಯಷ್ಟು ಅಗಲದ ಎಳೆಗಳ ಮೇಲೆ ಒಣಮೆಣಸಿನ ಪುಡಿ ಗುಡ್ಡೆ ಹಾಕಿ, ಹೊಗೆ ಬರುವ ಎಣ್ಣೆಯನ್ನು ಮೇಜಿನ ಮುಂದೆಯೇ ಸುರಿದರು. ಚೊಂಯ್ ಅಂತ ಸದ್ದು, ಗಂಟಲಿಗೆ ಘಾಟು. ಅದರಲ್ಲಿ ನಾಲಿಗೆ ಜುಮ್ ಅನ್ನಿಸಿದ ಕಾಳು ನನಗೆ ಹೊಸದಲ್ಲ. ನಮ್ಮ ಕರಾವಳಿಯ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿಯ ಹತ್ತಿರದ ನೆಂಟನೇ ಅದು, ಒಂದೇ ಕುಲದ ಗಿಡ. ರೊಜಿಯಾಮೊ ಅಂದರೆ ಮಾಂಸ ತುಂಬಿದ ರೊಟ್ಟಿ, ಈ ಕೇರಿಯಲ್ಲಿ ದನದ ಮಾಂಸದ್ದು, ಹೊರಗಡೆ ಹಂದಿಯದು. ಕೊನೆಗೆ ಲಿಂತೊಂಗ್ ಕಡೆಯ ಪರ್ಸಿಮನ್ ಹಣ್ಣಿನ ತಿರುಳಿಗೆ ಹಿಟ್ಟು ಬೆರೆಸಿ, ಸಿಹಿ ಹೂರಣ ತುಂಬಿ ಕರಿದ ಬಿಲ್ಲೆ. ಬಿಸಿ ಇರುವಾಗ ಚೆನ್ನಾಗಿತ್ತು. ಆರಿದ ಮೇಲೆ ಬರೀ ಜಿಡ್ಡು.

ಬಿಡುವ ಮುಂಚೆ ಗೈಡ್ ಹತ್ತಿರ ಒಂದು ಚೀಟಿ ಬರೆಸಿಕೊಂಡೆ. ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಮಾಂಸದ ಸಾರು ಬೇಡ, ಪ್ರಾಣಿ ಕೊಬ್ಬು ಬೇಡ. ಕೊನೆಯ ಎರಡು ಸಾಲು ಬಹಳ ಮುಖ್ಯ. ‘ಮಾಂಸ ಇಲ್ಲ’ ಅಂತ ನಿಜವಾಗಿಯೇ ಹೇಳಿದವರೂ ನೂಡಲ್ಸ್ ಕುದಿಸುವುದು ಮೂಳೆ ಸಾರಿನಲ್ಲಿ ಇರಬಹುದು. ಕೇರಿಯ ಹಲಾಲ್ ಅಂಗಡಿಗಳಲ್ಲಿ ಹಂದಿ ಕೊಬ್ಬಿನ ಭಯ ಇಲ್ಲ, ದನದ ಕೊಬ್ಬಿನದು ಇದೆ. ಆಮೇಲೆ ಹೋದಲ್ಲೆಲ್ಲ ಚೀಟಿ ತೋರಿಸಿದೆವು. ಓದಿ ‘ಇಲ್ಲಿ ಆಗಲ್ಲ’ ಅಂತ ಕೈ ಆಡಿಸಿ ಪಕ್ಕದ ಅಂಗಡಿ ತೋರಿಸಿದವರೂ ಇದ್ದರು. ನನಗೆ ಅವರ ಮೇಲೆ ಗೌರವ ಬಂತು.

ಮರುದಿನ ಬೆಳಿಗ್ಗೆ ನಾವೇ ಕೇರಿಗೆ ಹೋದೆವು. ಖರ್ಜೂರದಂಥ ಕೆಂಪು ಹಣ್ಣು, ಅವರೆಗಿಂತ ದಪ್ಪ ಕಾಳು, ಅಂಟು ಅಕ್ಕಿ ಪದರ ಪದರವಾಗಿ ಹಬೆಯಲ್ಲಿ ಬೇಯಿಸಿದ ಜೆಂಗ್‌ಗಾವ್ ಗಂಡನಿಗೆ ಸಿಕ್ಕಿತು. ಅಲ್ಲಿಂದ ಓಣಿಯೊಳಗೇ ಇರುವ ದೊಡ್ಡ ಮಸೀದಿ. 742ರಲ್ಲಿ ಸ್ಥಾಪನೆಯಾಯಿತು ಅನ್ನುವ ಪ್ರತೀತಿ ಇದೆ, ಈಗಿನ ಕಟ್ಟಡಗಳು ಬಹುಪಾಲು ಮಿಂಗ್ ಕಾಲದವು. ಗುಮ್ಮಟ ಇಲ್ಲ. ಅಂಗಳದ ಮೇಲೆ ಅಂಗಳ, ಬಾಗಿದ ಹಂಚಿನ ಮಾಡು, ಮಿನಾರಿನ ಜಾಗದಲ್ಲಿ ಮೂರು ಮಾಡಿನ ಮರದ ಗೋಪುರ. ಇಡೀ ಆವರಣ ಪಶ್ಚಿಮಕ್ಕೆ, ಮೆಕ್ಕಾ ಕಡೆಗೆ ಮುಖ ಮಾಡಿದೆ. ಪ್ರಾರ್ಥನೆಯ ಮಂಟಪದೊಳಗೆ ಬೇರೆಯವರಿಗೆ ಪ್ರವೇಶ ಇಲ್ಲ, ಬಾಗಿಲಿನಿಂದ ನೋಡಬಹುದು.

ತಿಂದದ್ದು ಕರಗಬೇಕಾದರೆ ಕೋಟೆ ಗೋಡೆ ಇದೆ. ಸುತ್ತಳತೆ 13.7 ಕಿಲೋಮೀಟರ್, ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ಹಳೆಯ ಇಟ್ಟಿಗೆ ಹಾಸು, ಬೆನ್ನಿಗೆ ಸ್ವಲ್ಪ ಕಷ್ಟ.

ಮಣ್ಣಿನ ಸೈನಿಕರ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಬಿಡುತ್ತೇನೆ. ನಮ್ಮವರು ತಪ್ಪದೆ ನೋಡಬೇಕಾದದ್ದು ದೊಡ್ಡ ಕಾಡು ಹೆಬ್ಬಾತಿನ ಪಗೋಡ. ಶಾಲೆಯಲ್ಲಿ ಓದಿದ ಹ್ಯೂಯೆನ್‌ತ್ಸಾಂಗ್ ನೆನಪಿದ್ದಾನಲ್ಲ? ಇಮ್ಮಡಿ ಪುಲಕೇಶಿಯ ನಾಡಿಗೆ ಬಂದು, ಇಲ್ಲಿಯ ಜನ ಉಪಕಾರ ಮರೆಯಲ್ಲ, ಅವಮಾನ ಮಾಡಿದವರನ್ನು ಬಿಡಲ್ಲ ಅಂತ ಬರೆದವನು. ಅವನು 645ರಲ್ಲಿ ವಾಪಸ್ ಬಂದದ್ದು ಇದೇ ಊರಿಗೆ. ಭಾರತದಿಂದ ತಂದ ಗ್ರಂಥಗಳನ್ನು ಇಡೋಕೆ ಅಂತಲೇ 652ರಲ್ಲಿ ಈ ಪಗೋಡ ಎದ್ದಿತು. ಎದುರಿಗೆ ಅವನ ದೊಡ್ಡ ಪ್ರತಿಮೆ ಇದೆ. ನನ್ನ ಗಂಡನಂಥವರಿಗೆ ಊಟಕ್ಕೆ ಬೌದ್ಧ ಸಸ್ಯಾಹಾರದ ಹೋಟೆಲೇ ಸರಿ. ಅಲ್ಲಿ ಈರುಳ್ಳಿ ಬೆಳ್ಳುಳ್ಳಿಯನ್ನೂ ಹಾಕಲ್ಲ, ಚೀಟಿ ತೋರಿಸುವ ಕೆಲಸವೇ ಇಲ್ಲ. ಪಗೋಡ ಇರುವುದು ದೇವಾಲಯದ ಒಳಗೆ, ಅದನ್ನು ಹತ್ತೋಕೆ ಬೇರೆ ಟಿಕೆಟ್. ಏಳು ಅಂತಸ್ತು, ಕಡಿದಾದ ಮರದ ಮೆಟ್ಟಿಲು. ಮಂಡಿ ನೋವಿದ್ದವರು ಆ ಟಿಕೆಟ್ ತಗೊಳ್ಳಬೇಡಿ.